ಎಂಟು ಮುಗಿದ ಮೇಲೆ

ಕಳೆದ ವರ್ಷ ರಮಝಾನ್ ಕಳೆದು ಹತ್ತು ಹನ್ನೆರಡು ದಿನಗಳಾಗಿರಬೇಕು. ಒಂದು ಸಂಜೆ ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ದ ಕೊನೆಯ ಪುಟ ಓದಿ, ಪುಸ್ತಕ ಮುಚ್ಚಿ, ನನ್ನ ಹಳೆಯ ನೋಟ್‌ಬುಕ್ ತೆಗೆದು ಅದರ ಹೆಸರಿನ ಮುಂದೆ ಗುರುತು ಹಾಕಿದೆ. ಅದು ನಲವತ್ತನೆಯ ಗುರುತು. ಕನ್ನಡಕ್ಕೆ ಜ್ಞಾನಪೀಠ ತಂದುಕೊಟ್ಟ ಎಂಟು ಮಂದಿಯ ತಲಾ ಐದು ಪುಸ್ತಕಗಳನ್ನು ಓದಿ ಮುಗಿಸುತ್ತೇನೆಂದು 2020ರಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ದಿನಗಳಲ್ಲಿ, ನನಗೆ ನಾನೇ ಹಾಕಿಕೊಂಡ ಪಂಥ ಅದು. ಐದು ವರ್ಷ ಹಿಡಿಯಿತು. ಮುಗಿದಾಗ ಏನೋ ಆಗುತ್ತದೆಂದು ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಒಳಗಿನಿಂದ ಚಹಾ ಬಂತು, ಕುಡಿದೆ.

ಮರುದಿನ ಪೇಟೆಯಲ್ಲಿ ಸಿಕ್ಕಿದ ಹಳೆಯ ಸಹೋದ್ಯೋಗಿಯೊಬ್ಬರಿಗೆ ವಿಷಯ ಹೇಳಿದೆ. ಅವರು ಬೆನ್ನು ತಟ್ಟಿ, “ಭೇಷ್! ಇನ್ನೇನು ಮುಂದೆ?” ಎಂದರು. ಸಲೀಸಾಗಿ ಕೇಳಿದ ಮಾತು. ಆದರೆ ಆ ಪ್ರಶ್ನೆ ನನ್ನನ್ನು ಹಲವು ತಿಂಗಳು ಕಾಡಿತು.

ಎಂಟು ಜ್ಞಾನಪೀಠ ಎನ್ನುವ ಮಾತು ನಮ್ಮ ವೇದಿಕೆಗಳಲ್ಲಿ ಎಷ್ಟು ಸಲ ಕೇಳಿಬರುತ್ತದೆಂಬುದು ಓದುಗರಿಗೆ ಗೊತ್ತಿದೆ. ನವೆಂಬರ್ ತಿಂಗಳಲ್ಲಂತೂ ಕೇಳುವುದೇ ಬೇಡ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ ಎಂದು ಒಂದೇ ಉಸಿರಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವವರಲ್ಲಿ ಅವರ ಪುಸ್ತಕ ಓದಿದವರು ಎಷ್ಟು ಮಂದಿ ಎಂದು ನಾನೂ ಮೂದಲಿಸುತ್ತಿದ್ದೆ. ಈ ಪಂಥದ ಬೇರು ನಿಜ ಹೇಳಬೇಕೆಂದರೆ ಆ ಮೂದಲಿಕೆಯಲ್ಲಿದೆ. ಇನ್ನೊಬ್ಬರಿಗಿಂತ ಹೆಚ್ಚು ಓದಿದ್ದೇನೆಂದು ಹೇಳಿಕೊಳ್ಳುವ ಆಸೆಯಲ್ಲಿ.

ಇಂಥ ಪಂಥಗಳು ಹೊಸತೇನಲ್ಲ. ಲಂಡನ್ನಿನ ಆ್ಯನ್ ಮಾರ್ಗನ್ ಎಂಬ ಲೇಖಕಿ 2012ರಲ್ಲಿ ಪ್ರಪಂಚದ ಪ್ರತಿಯೊಂದು ದೇಶದಿಂದ ಒಂದೊಂದು ಪುಸ್ತಕ ಓದಲು ಹೊರಟು, ವರ್ಷದೊಳಗೆ ಮುಗಿಸಿದರು. ಆಫ್ರಿಕಾದ ಪುಟ್ಟ ದ್ವೀಪರಾಷ್ಟ್ರವೊಂದರ ಪುಸ್ತಕ ಇಂಗ್ಲಿಷಿನಲ್ಲಿ ಸಿಗದೆ ಹೋದಾಗ, ಪೋರ್ಚುಗೀಸ್ ಬಲ್ಲ ಸ್ವಯಂಸೇವಕರು ಕೂಡಿ ಅವರಿಗಾಗಿಯೇ ಅನುವಾದ ಮಾಡಿಕೊಟ್ಟರು. ಭಾರತದ ಪಾಲಿಗೆ ಅವರು ಆರಿಸಿದ್ದು ಎಂ.ಟಿ. ವಾಸುದೇವನ್ ನಾಯರ್ ಅವರ ಮಲಯಾಳಂ ಕಾದಂಬರಿ ‘ಕಾಲಂ’. ನೂರು ಕೋಟಿ ಮೀರಿದ ಜನ, ಇಷ್ಟೆಲ್ಲ ಭಾಷೆ, ಒಂದು ಪುಸ್ತಕ! ಮಾರ್ಗನ್‌ಗೂ ಈ ತೊಡಕು ಗೊತ್ತಾಗದೆ ಇರಲಾರದು. ಪಟ್ಟಿ ಮುಗಿದ ಮೇಲೂ ಅವರು ಓದು ನಿಲ್ಲಿಸಲಿಲ್ಲ. ತಿಂಗಳಿಗೊಂದು ಪುಸ್ತಕ ಆರಿಸಿ ಅದರ ಬಗ್ಗೆ ಬರೆಯುತ್ತಾ ಹೋದರು. ವರ್ಷಕ್ಕೆ ಇನ್ನೂರರ ಹತ್ತಿರ ಓದಿದವರು ತಿಂಗಳಿಗೊಂದಕ್ಕೆ ಇಳಿದರು ಎನ್ನುವುದೇ ನನಗೆ ಕಂಡ ಮುಖ್ಯ ಸಂಗತಿ. ಓಟ ಮುಗಿದ ಮೇಲೆ ಅವರು ನಡೆಯತೊಡಗಿದರು.

ಎಣಿಸಿ ಓದುವ ಓದು ಏನು ಮಾಡುತ್ತದೆಂದು ನನ್ನ ಉದಾಹರಣೆಯಿಂದಲೇ ಹೇಳುತ್ತೇನೆ. ದಿನಕ್ಕೆ ಇಪ್ಪತ್ತು ಪುಟ ಎಂದು ಲೆಕ್ಕ ಹಾಕಿದ್ದೆ. ‘ಶ್ರೀ ರಾಮಾಯಣ ದರ್ಶನಂ’ ಎದುರಾದಾಗ ಆ ಲೆಕ್ಕ ಮೊದಲ ವಾರದಲ್ಲೇ ಮುರಿದುಬಿತ್ತು. ಮಹಾಛಂದಸ್ಸಿನ ಆ ಉದ್ದುದ್ದ ವಾಕ್ಯಗಳನ್ನು ಬಾಯಿಬಿಟ್ಟು ಓದದೆ ಕಣ್ಣಲ್ಲೇ ಓಡಿಸಿದರೆ ಕತೆ ಮಾತ್ರ ಸಿಗುತ್ತದೆ. ಕತೆ ನಮಗೆ ಮೊದಲೇ ಗೊತ್ತಿತ್ತಲ್ಲ. ‘ನಾಕು ತಂತಿ’ಯನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ ಗುರುತು ಹಾಕಿದವನು ನಾನು. ಬೇಂದ್ರೆಯವರ ಕವನ ಸಂಕಲನವನ್ನು ‘ಮುಗಿಸಿದೆ’ ಎಂದು ಬರೆಯಲು ನನ್ನ ಪೆನ್ನಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಗೋಕಾಕರ ‘ಭಾರತ ಸಿಂಧು ರಶ್ಮಿ’ ಸುಮಾರು 35 ಸಾವಿರ ಸಾಲುಗಳ ಮಹಾಕಾವ್ಯ. ಅದನ್ನು ಓದಿದ್ದೇನೆ ಎನ್ನುವುದು ಪೂರ್ತಿ ನಿಜವಲ್ಲ, ಪುಟ ಮಗುಚಿದ್ದೇನೆ. ‘ಮರಳಿ ಮಣ್ಣಿಗೆ’ಯಲ್ಲಿ ಪಾರೋತಿ, ಸರಸೋತಿಯರು ಮಳೆಗಾಲದ ನೆರೆಯಲ್ಲಿ ತೇಲಿಬರುವ ಕಟ್ಟಿಗೆಯನ್ನು ಎಳೆದು ದಡಕ್ಕೆ ಹಾಕುವ ಪುಟಗಳಿವೆ. ಕಡಲ ಬದಿಯಲ್ಲಿ ಬೆಳೆದ ನನಗೆ ಆ ನೀರಿನ ಸದ್ದು ಗೊತ್ತು, ಒದ್ದೆ ಕಟ್ಟಿಗೆಯ ಭಾರ ಗೊತ್ತು. ಆದರೂ ನಿಲ್ಲಲಿಲ್ಲ. ಇನ್ನೂ ಇಪ್ಪತ್ತಮೂರು ಪುಸ್ತಕ ಬಾಕಿ ಇತ್ತು.

ಪಟ್ಟಿಯ ಬಗ್ಗೆಯೂ ಒಂದು ಮಾತು. ಈ ಎಂಟರಲ್ಲಿ ಒಬ್ಬ ಹೆಂಗಸಿಲ್ಲ. ದಲಿತರಿಲ್ಲ. ಮುಸ್ಲಿಮರಿಲ್ಲ. ಇದು ಹೊಸ ಶೋಧವಲ್ಲ, ಎಲ್ಲರಿಗೂ ತಿಳಿದದ್ದೇ. ಎಂಟು ಮಂದಿಯ ದೊಡ್ಡತನ ಇದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಐದು ವರ್ಷ ಈ ಪಟ್ಟಿಯೊಳಗೇ ತಿರುಗಾಡಿದ ನನಗೆ, ಕನ್ನಡವೆಂದರೆ ಇಷ್ಟು ಕೋಣೆಗಳ ಮನೆ ಎಂಬ ಭಾವನೆ ಬಂದುಬಿಟ್ಟಿತ್ತು. ಅದೇ ಸಮಯಕ್ಕೆ, 2025ರ ಮೇ ತಿಂಗಳಲ್ಲಿ, ಬಾನು ಮುಷ್ತಾಕ್ ಅವರ ಕತೆಗಳಿಗೆ ದೀಪಾ ಭಾಸ್ತಿ ಮಾಡಿದ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಗೆಳೆಯರೊಬ್ಬರು ಫೋನ್ ಮಾಡಿ, “ನಿಮ್ಮ ಮುಂದಿನ ಪಟ್ಟಿ ಸಿಕ್ಕಿತಲ್ಲ! ಈಗ ನಮ್ಮವರದ್ದು ಓದಿ” ಎಂದರು. ಸಾರಾ ಅಬೂಬಕ್ಕರ್, ಬೊಳುವಾರು, ಕಟ್ಪಾಡಿ, ನಿಸಾರ್, ಬಾನು ಎಂದು ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದೂ ಆಯಿತು. ತಲಾ ಐದು. ಗೆರೆ ಎಳೆದು, ಅಂಕಿ ಹಾಕಿ, ಗುರುತಿಗೆ ಜಾಗ ಬಿಟ್ಟು.

ಆಮೇಲೆ ಆ ಪುಟವನ್ನು ಹಾಗೆಯೇ ಬಿಟ್ಟೆ. ಅಸಮಾಧಾನದಿಂದ ಮಾಡಿದ ಪಟ್ಟಿಯೂ ಪಟ್ಟಿಯೇ. ಸಾರಾ ಅವರ ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾಳನ್ನು ನಾನು ಇಪ್ಪತ್ತು ಪುಟದ ಲೆಕ್ಕದಲ್ಲಿ ಮಸೀದಿಯ ಕೆರೆಯವರೆಗೆ ನಡೆಸಿಕೊಂಡು ಹೋಗಿ, ಅಲ್ಲಿ ಬಿಟ್ಟು, ಗುರುತು ಹಾಕಿ, ಮುಂದಿನ ಪುಸ್ತಕ ಕೈಗೆತ್ತಿಕೊಳ್ಳುತ್ತಿದ್ದೆ. ಪಟ್ಟಿ ಮಾಡಿದವರು ಯಾರು ಎಂಬುದಷ್ಟೇ ಅಲ್ಲ, ಪಟ್ಟಿಯ ಓದಿನಲ್ಲೇ ಏನೋ ಊನವಿದೆ ಎಂದು ಆಗ ಹೊಳೆಯಿತು.

ದಾರಿ ತೋರಿಸಿದ್ದು ಮನೆಯಲ್ಲೇ ಇದ್ದ ಒಂದು ರೂಢಿ. ನನ್ನ ಉಮ್ಮನಿಗೆ ಕನ್ನಡ ಅಕ್ಷರ ಬಾರದು. ಕುರ್‌ಆನ್ ಮಾತ್ರ ಸರಾಗವಾಗಿ ಓದುತ್ತಾರೆ. ರಮಝಾನಿನಲ್ಲಿ ಕಣ್ಣು ಚೆನ್ನಾಗಿದ್ದ ಕಾಲಕ್ಕೆ ಎರಡು ಖತಂ ತೀರಿಸುತ್ತಿದ್ದರು, ಈಗ ಒಂದಾದರೆ ಹೆಚ್ಚು. ಮೂವತ್ತು ಜುಝ್, 114 ಸೂರಾಗಳು ಮುಗಿದು ಕೊನೆಯ ‘ಅನ್ನಾಸ್’ ಓದಿದ ಕೂಡಲೇ ಅವರು ಮುಸ್‌ಹಫ್ ಮುಚ್ಚುವುದಿಲ್ಲ. ಮತ್ತೆ ಮೊದಲಿಗೆ ಮಗುಚಿ ಫಾತಿಹಾ ಓದಿ, ‘ಅಲ್ ಬಕರ’ದ ಮೊದಲ ಕೆಲವು ವಚನಗಳನ್ನೂ ಓದಿ, ಆಮೇಲೆ ದುಆ ಮಾಡಿ ಮೇಲೆತ್ತಿಡುತ್ತಾರೆ. ಚಿಕ್ಕಂದಿನಲ್ಲಿ ಮದರಸದಲ್ಲಿ ನಮಗೂ ಇದನ್ನೇ ಹೇಳಿಕೊಟ್ಟಿದ್ದರು. ಮುಗಿಸಿದ ಓದು ಮುಗಿದು ನಿಲ್ಲಬಾರದು, ಹೊಸದರ ತುದಿ ಹಿಡಿದಿರಬೇಕು. ಇಲ್ಲಿ ಹೊಸದೆಂದರೆ ಹಳೆಯದೇ. ಗಮಕಿಗಳು ಕುಮಾರವ್ಯಾಸನನ್ನು ವರ್ಷ ವರ್ಷವೂ ಓದುವುದರ ಹಿಂದೆಯೂ ಇಂಥದೇ ತಿಳಿವಳಿಕೆ ಇರಬೇಕು; ಕೇಳಲು ಕೂತವರಿಗೆ ಕತೆ ಗೊತ್ತಿಲ್ಲವೆಂದು ಯಾರೂ ಓದುವುದಿಲ್ಲ. ಧರ್ಮಗ್ರಂಥಕ್ಕೂ ಕಾದಂಬರಿಗೂ ಹೋಲಿಕೆ ಮಾಡುತ್ತಿಲ್ಲ, ಓದುವ ಕ್ರಮದ ಬಗ್ಗೆ ಮಾತ್ರ ಹೇಳುತ್ತಿದ್ದೇನೆ.

ಹೀಗಾಗಿ ನಲವತ್ತರಲ್ಲಿ ಒಂದನ್ನು ತೆಗೆದು ಮತ್ತೆ ಮೊದಲಿನಿಂದ ಓದತೊಡಗಿದೆ. ಕೈಗೆ ಬಂದದ್ದು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. ಬಂದದ್ದು ಯಾಕೆಂದರೆ ಅದು ತೆಳ್ಳಗಿದೆ. ಆಲಸ್ಯಕ್ಕೂ ಒಮ್ಮೊಮ್ಮೆ ಒಳ್ಳೆಯ ಫಲ ಸಿಗುತ್ತದೆ.

1965ರ ಈ ಕಾದಂಬರಿಯ ಬಗ್ಗೆ ಬರೆದದ್ದು ಒಂದು ಕಪಾಟು ತುಂಬುವಷ್ಟಿದೆ. 1970ರಲ್ಲಿ ಬಂದ ಸಿನಿಮಾದಲ್ಲಿ ಪ್ರಾಣೇಶಾಚಾರ್ಯರಾಗಿ ನಟಿಸಿದವರು ಗಿರೀಶ ಕಾರ್ನಾಡರು, ನಾರಣಪ್ಪನಾಗಿ ಪಿ. ಲಂಕೇಶ್. ಕತೆ ಬಲ್ಲವರಿಗೆ ನೆನಪಿಸಿದರೆ ಸಾಕು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬ್ರಾಹ್ಮಣ್ಯ ಬಿಟ್ಟವನು, ಚಂದ್ರಿಯನ್ನು ಇಟ್ಟುಕೊಂಡವನು, ಮುಸ್ಲಿಮರ ಜೊತೆ ಸೇರಿ ದೇವರ ಹೊಂಡದ ಮೀನು ಹಿಡಿದವನು. ಅವನ ಶವಸಂಸ್ಕಾರ ಯಾರು ಮಾಡಬೇಕು? ಹೆಣ ಎತ್ತುವವರೆಗೆ ಅಗ್ರಹಾರದವರು ಊಟ ಮಾಡುವಂತಿಲ್ಲ. ಆಚಾರ್ಯರು ಶಾಸ್ತ್ರ ಹುಡುಕುತ್ತಾರೆ, ಉಳಿದವರು ಚಂದ್ರಿ ಮುಂದಿಟ್ಟ ಚಿನ್ನ ನೋಡುತ್ತಾರೆ. ಇಲಿಗಳು ಸಾಯುತ್ತವೆ, ಹದ್ದುಗಳು ಬಂದು ಮನೆಗಳ ಮೇಲೆ ಕೂರುತ್ತವೆ.

ಮೊದಲ ಓದಿನಲ್ಲಿ ನಾನು ಎಲ್ಲರಂತೆ ಪ್ರಾಣೇಶಾಚಾರ್ಯರ ಹಿಂದೆ ಹೋದೆ. ಕಾಡಿನಲ್ಲಿ ಚಂದ್ರಿಯ ಜೊತೆ ಅವರಿಗೆ ಆದದ್ದು, ಆಮೇಲಿನ ಅಲೆದಾಟ, ಮೇಳಿಗೆಯ ಜಾತ್ರೆ, ಪುಟ್ಟನ ಒಡನಾಟ. ಎರಡನೆಯ ಓದಿನಲ್ಲಿ ಒಂದು ಚಿಕ್ಕ ಜಾಗದಲ್ಲಿ ಕಾಲು ಸಿಕ್ಕಿಕೊಂಡಿತು. ಗಾಡಿಯ ಶೇಷಪ್ಪ ಒಪ್ಪದೆ ಹೋದ ಮೇಲೆ ಚಂದ್ರಿ ಅಹಮದ್ ಬ್ಯಾರಿಯ ಬಳಿಗೆ ಹೋಗುತ್ತಾಳೆ. ಆತ ಮೀನಿನ ವ್ಯಾಪಾರಿ. ಹಿಂದೊಮ್ಮೆ ಕಷ್ಟದಲ್ಲಿದ್ದಾಗ ಎತ್ತು ಕೊಳ್ಳಲು ನಾರಣಪ್ಪ ಸಾಲ ಕೊಟ್ಟಿದ್ದ. ಬ್ಯಾರಿ ಗಾಡಿ ಕಟ್ಟಿಕೊಂಡು ಬರುತ್ತಾನೆ, ಕಟ್ಟಿಗೆ ತುಂಬುತ್ತಾನೆ, ರಾತ್ರಿಯಲ್ಲಿ ಯಾರಿಗೂ ಕಾಣದಂತೆ ಹೆಣ ಒಯ್ದು ಸುಡುತ್ತಾನೆ, ಗಾಡಿ ಹೊಡೆದುಕೊಂಡು ಹೋಗುತ್ತಾನೆ. ಅಷ್ಟೇ. ಒಂದು ಇಡೀ ಅಗ್ರಹಾರ, ಒಬ್ಬ ಮಹಾಪಂಡಿತ, ಮಠ, ಧರ್ಮಶಾಸ್ತ್ರ ಎಲ್ಲವೂ ಸೇರಿ ಮಾಡಲಾಗದ ಕೆಲಸ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆ ಮನುಷ್ಯ ಮತ್ತೆ ಕಾದಂಬರಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಪ್ರಾಣೇಶಾಚಾರ್ಯರಿಗೆ ಹೆಣ ಸುಟ್ಟದ್ದೇ ತಿಳಿಯದು. ತೀರಿಹೋದ ಪ್ರಶ್ನೆಯನ್ನು ಹೊತ್ತುಕೊಂಡು ಅವರು ತಿರುಗುತ್ತಿರುತ್ತಾರೆ.

ಪುಸ್ತಕದ ಮೊದಲ ಭಾಗಕ್ಕೆ ಹಿಂತಿರುಗಿ ನೋಡಿದೆ. ಅಲ್ಲಿ ಮುಸ್ಲಿಂ ಎಂಬುದು ಒಂದು ಬೆದರಿಕೆಯ ಮಾತು. ಬಹಿಷ್ಕಾರ ಹಾಕಿದರೆ ಮುಸ್ಲಿಮನಾಗಿ ಬಿಡುತ್ತೇನೆಂದು ನಾರಣಪ್ಪ ಹೆದರಿಸಿದ್ದ. ಹಾಗಾದರೆ ಅವನನ್ನು ಊರಿನಿಂದ ಹೊರಹಾಕಲೂ ಆಗದೆ, ತಾವೇ ಅಗ್ರಹಾರ ಬಿಡಬೇಕಾದೀತೆಂದು ಬ್ರಾಹ್ಮಣರು ಸುಮ್ಮನಿದ್ದರು. ಅವನ ಹೆಣ ಇವರ ಹೊಣೆಯಾಗಿ ಉಳಿದದ್ದೇ ಆ ಬೆದರಿಕೆಯಿಂದ. ಮೊದಲು ಬೆದರಿಕೆಯ ಮಾತಾಗಿ ಬಂದದ್ದು ರಾತ್ರಿ ಗಾಡಿ ಕಟ್ಟಿಕೊಂಡು ಬರುವ ಮನುಷ್ಯನಾಗುತ್ತದೆ. ಅನಂತಮೂರ್ತಿ ಇದನ್ನು ಎತ್ತಿ ತೋರಿಸುವುದಿಲ್ಲ, ಭಾಷಣ ಮಾಡುವುದಿಲ್ಲ. ದೊಡ್ಡ ಲೇಖಕರ ಸಂಯಮ ಇದು ಎಂದು ಮೆಚ್ಚಿದೆ.

ಮೆಚ್ಚಿದ ಬಳಿಕ ಜಗಳಕ್ಕೂ ನಿಂತೆ. ಬ್ಯಾರಿಯ ಉಪಕಾರಕ್ಕೆ ಕಾದಂಬರಿ ಕೊಡುವ ಕಾರಣ ಎತ್ತಿನ ಸಾಲ. ಇದು ತೀರಾ ಸಣ್ಣದಾಯಿತು ಎಂದು ನನಗನ್ನಿಸುತ್ತದೆ. ಬ್ಯಾರಿ ಮನೆಯಲ್ಲಿ ಹುಟ್ಟಿದ ಯಾರೇ ಆದರೂ ಆ ಸಾಲುಗಳನ್ನು ಬೇರೆ ರೀತಿ ಓದುತ್ತಾರೆ. ನಮ್ಮಲ್ಲಿ ಮಯ್ಯತ್ತನ್ನು ಮೀಯಿಸುವುದು, ಕಫನ್ ಹೊದಿಸುವುದು, ನಮಾಝ್ ಮಾಡಿ ದಫನ ಮಾಡುವುದು ಫರ್ಝ್ ಕಿಫಾಯ. ಊರಿನ ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಇಡೀ ಊರೇ ತಪ್ಪಿತಸ್ಥ. ದೂರ್ವಾಸಪುರ ನಿಂತಿದ್ದದ್ದು ಸರಿಯಾಗಿ ಈ ಎರಡನೆಯ ಸ್ಥಿತಿಯಲ್ಲಿ. ಶಾಸ್ತ್ರದ ಪ್ರಕಾರ ಈ ವಿಧಿ ಮುಸ್ಲಿಮರ ಮಯ್ಯತ್ತಿಗೆ ಸಂಬಂಧಿಸಿದ್ದು. ಅಹಮದ್ ಬ್ಯಾರಿ ಫಿಕ್ಹ್ ನೋಡಿ ಹೊರಟನೆಂದು ನಾನು ವಾದಿಸುತ್ತಿಲ್ಲ. ಹೆಣ ಬಿದ್ದಿರಬಾರದು ಎಂಬುದು ಶಾಸ್ತ್ರಕ್ಕಿಂತ ಮೊದಲು ಮೈಗೆ ಹತ್ತಿದ ಸಂಗತಿ. ಸುಡುವ ಪದ್ಧತಿಯೇ ಇಲ್ಲದ ಮನೆಯಿಂದ ಬಂದವನು ಕಟ್ಟಿಗೆ ಒಟ್ಟಿ ಬೆಂಕಿ ಇಟ್ಟನಲ್ಲ, ಆಗ ಅವನ ಕೈ ಹೇಗಿತ್ತು? ಬಾಯಲ್ಲಿ ಏನಾದರೂ ಹೇಳಿಕೊಂಡನೇ? ಆಚಾರ್ಯರ ಮನಸ್ಸಿನೊಳಗೆ ಪುಟಗಟ್ಟಲೆ ಇಳಿಯುವ ಕಾದಂಬರಿ ಇವನ ಮನಸ್ಸಿನ ಬಾಗಿಲನ್ನು ತಟ್ಟುವುದೂ ಇಲ್ಲ. ಸಾಲದ ವಿಷಯವೂ ಅಷ್ಟೇ. ಜನಾಝಾ ನಮಾಝಿಗೆ ಮೊದಲು ಸತ್ತವನ ಮೇಲೆ ಯಾರದಾದರೂ ಸಾಲವಿದೆಯೇ ಎಂದು ಕೇಳುವುದು ನಮ್ಮ ವಾಡಿಕೆ. ಇಲ್ಲಿ ಬದುಕಿದ್ದವನ ಮೇಲೆ ಸತ್ತವನ ಸಾಲವಿದೆ. ಇದರಲ್ಲಿ ಎಷ್ಟು ಅರ್ಥವಿತ್ತು!

ಇದಕ್ಕೆ ಉತ್ತರವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕಾದಂಬರಿ ಆಚಾರ್ಯರದು. ಬ್ಯಾರಿಯ ಬಳಿ ಹೆಚ್ಚು ಹೊತ್ತು ನಿಂತರೆ ಅವರ ಅಜ್ಞಾನದ ವ್ಯಂಗ್ಯ ಸಡಿಲವಾಗುತ್ತಿತ್ತು. ಮಾಡಿದ್ದನ್ನು ಹೇಳಿಕೊಳ್ಳದೆ ಹೋಗುವವನ ಘನತೆಗೆ ಆ ಮೌನವೇ ಸರಿ ಎಂದೂ ಯಾರಾದರೂ ಹೇಳಬಹುದು. ಒಪ್ಪುತ್ತೇನೆ, ಅರ್ಧ. ಇದೇ ಎಂಟರ ಪಟ್ಟಿಯ ಕಾರ್ನಾಡರು ‘ತುಘಲಕ್’ನಲ್ಲಿ ಅಝೀಝ್ ಎಂಬ ಅಗಸನಿಗೆ ಎಷ್ಟು ಜಾಗ ಕೊಟ್ಟರು ನೋಡಿ. ಸುಲ್ತಾನನ ನ್ಯಾಯದ ಘೋಷಣೆ ಕೇಳಿ ಬ್ರಾಹ್ಮಣನ ವೇಷ ಹಾಕಿ, ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆದ್ದು, ಪರಿಹಾರದ ಹಣವನ್ನೂ ಸರಕಾರಿ ನೌಕರಿಯನ್ನೂ ಗಿಟ್ಟಿಸುವ ಖದೀಮ ಅವನು. ಕೊನೆಗೆ ಸುಲ್ತಾನನ ಎದುರು ನಿಂತು, ನಿನ್ನ ನಿಜವಾದ ಶಿಷ್ಯ ನಾನೇ ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ಕಳ್ಳನಿಗೆ ಇಷ್ಟು ಮಾತು ಸಿಕ್ಕಿತು, ಹೆಣ ಸುಟ್ಟವನಿಗೆ ಸಿಗಲಿಲ್ಲ. ನಾಟಕಕ್ಕೂ ಕಾದಂಬರಿಗೂ ವ್ಯತ್ಯಾಸವಿದೆ ಎಂಬುದು ನನಗೆ ಗೊತ್ತು. ಆದರೂ ಹೇಳಬೇಕೆನಿಸಿತು.

ಈಗ ನೋಟ್‌ಬುಕ್ಕಿನ ಆ ಇನ್ನೊಂದು ಪುಟದ ಹೆಸರುಗಳಿಗೆ ಬೇರೆ ಅರ್ಥ ಬಂತು. ಬೊಳುವಾರು ಮಹಮದ್ ಕುಂಞಿ ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿ ಅದರ ಮನೆಮನೆಯ ಒಳಗೆ ಓದುಗರನ್ನು ಕೂರಿಸಿದ್ದು, ಸಾರಾ ಅವರು ಅಡುಗೆಮನೆಯ ಕತ್ತಲಿನಿಂದ ನಾದಿರಾಳ ತಾಯಿಯ ಭಯವನ್ನು ಕೇಳಿಸಿದ್ದು, ಬಾನು ಅವರ ಕತೆಗಳ ಹೆಂಗಸರು ಗಂಡಂದಿರನ್ನೂ ಮುತವಲ್ಲಿಗಳನ್ನೂ ಪ್ರಶ್ನಿಸಿದ್ದು, ಇವೆಲ್ಲ ನನಗೆ ಇನ್ನೊಂದು ಪಟ್ಟಿಯಾಗಿ ಕಾಣಲಿಲ್ಲ. ಅಹಮದ್ ಬ್ಯಾರಿ ಗಾಡಿ ಹೊಡೆದುಕೊಂಡು ಹೋದನಲ್ಲ, ಆ ಗಾಡಿ ತಲುಪಿದ ಮನೆಗಳ ಕತೆಗಳಾಗಿ ಕಂಡವು. ‘ಸಂಸ್ಕಾರ’ವನ್ನು ಎರಡನೆಯ ಸಲ ಓದದೆ ಅವುಗಳಿಗೆ ನೇರವಾಗಿ ಹೋಗಿದ್ದರೆ ನಮ್ಮವರದ್ದು ಎಂಬ ಅಭಿಮಾನದಲ್ಲಿ ಓದುತ್ತಿದ್ದೆ. ಆ ಅಭಿಮಾನಕ್ಕೆ ಸಾರಾ ಅವರ ಸಿಟ್ಟು ಅರ್ಥವಾಗುತ್ತಿರಲಿಲ್ಲ. ಯಾಕೆಂದರೆ ಅವರು ಬರೆದದ್ದು ನಮ್ಮನ್ನು ಮೆಚ್ಚಿಸಲಿಕ್ಕಲ್ಲ. ನಾದಿರಾಳ ವಿಷಯದಲ್ಲಿ ತಪ್ಪಿತಸ್ಥವಾದ ಊರು ನಮ್ಮದೇ. ಅಗ್ರಹಾರದವರಂತೆ ನಾವೂ ಅಲ್ಲಿ ವಿಧಿ ಹುಡುಕುತ್ತಾ ಕೂತಿದ್ದೆವು.

ಇನ್ನೊಂದು ಕೆಲಸ ಮಾಡಿದೆ. ‘ಸಂಸ್ಕಾರ’ವನ್ನು ಉಮ್ಮನಿಗೆ ಓದಿ ಹೇಳಿದೆ. ಮಗ್ರಿಬ್ ಆದ ಮೇಲೆ ಇಶಾದವರೆಗೆ, ದಿನಕ್ಕೆ ನಾಲ್ಕೈದು ಪುಟ, ಅರ್ಥವಾಗದ ಕಡೆ ಬ್ಯಾರಿಯಲ್ಲಿ ಹೇಳುತ್ತಾ. ಉಮ್ಮನ ತಂದೆ ಒಣಮೀನು ಹೊತ್ತು ಘಟ್ಟ ಹತ್ತುತ್ತಿದ್ದವರು. ಹಾಗಾಗಿ ಅಗ್ರಹಾರ, ಮಲೆನಾಡು, ಗಾಡಿದಾರಿ ಯಾವುದನ್ನೂ ನಾನು ವಿವರಿಸಬೇಕಾಗಲಿಲ್ಲ. ಆಚಾರ್ಯರ ಆಲೋಚನೆಗಳು ಬಂದಾಗ ತೂಕಡಿಸಿದರು. ಚಂದ್ರಿ ಚಿನ್ನ ಬಿಚ್ಚಿಟ್ಟಾಗ ಎದ್ದು ಕೂತರು. ಅಗ್ರಹಾರದಲ್ಲಿ ಒಬ್ಬರಾದ ಮೇಲೆ ಒಬ್ಬರು ಜ್ವರ ಬಂದು ಸಾಯತೊಡಗಿದಾಗ, “ಇದು ಪ್ಲೇಗು” ಎಂದರು. ತನ್ನ ತಾಯಿಯ ಬಾಯಿಂದ ಕೇಳಿದ್ದರಂತೆ, ಇಲಿ ಬಿದ್ದರೆ ಮನೆ ಬಿಡಬೇಕೆಂದು.

ಪುಸ್ತಕ ಮುಗಿದ ದಿನ ಸ್ವಲ್ಪ ಹೊತ್ತು ತಸ್ಬೀಹ್ ಮಣಿ ಎಣಿಸುತ್ತಾ ಸುಮ್ಮನಿದ್ದರು.

“ಮೋನೇ, ಆ ಅಹಮದ್ ಏನಾದ?”

“ಯಾವ ಅಹಮದ್ ಉಮ್ಮ?”

“ಹೆಣ ಹೊತ್ತವ. ಪ್ಲೇಗಿನ ಹೆಣ ಅಲ್ಲವಾ ಅದು? ಅವನೂ ಮುಟ್ಟಿದ್ದಾನಲ್ಲ. ಅವನಿಗೂ ಜ್ವರ ಬಂತಾ? ಮನೆಯಲ್ಲಿ ಮಕ್ಕಳಿದ್ದರಾ?”

ನಲವತ್ತು ಪುಸ್ತಕ ಓದಿದವನಿಗೆ, ಅದೇ ಪುಸ್ತಕವನ್ನು ಎರಡು ಸಲ ಓದಿ ಜಗಳವಾಡಿದವನಿಗೆ, ಈ ಪ್ರಶ್ನೆ ಬಂದಿರಲಿಲ್ಲ. ಪುಸ್ತಕದಲ್ಲಿ ಇಲ್ಲ ಎಂದೆ. ಉಮ್ಮ ನಂಬಲಿಲ್ಲ; ನೀನು ಎಲ್ಲೋ ಬಿಟ್ಟು ಓದಿದ್ದೀ, ಸರಿಯಾಗಿ ನೋಡು ಎಂದರು. ಇಶಾದ ಬಾಂಗ್ ಆಗುವವರೆಗೂ ಆ ಗಾಡಿಯ ಪುಟದಿಂದ ಮುಂದಕ್ಕೆ ಒಂದೊಂದಾಗಿ ಮಗುಚಿ ಹುಡುಕುತ್ತಾ ಕೂತಿದ್ದೆ.